ನಲವತ್ತಮೂರಕ್ಕೊಬ್ಬ ಸಾಕ್ಷಿ

ನಮ್ಮಕ್ಕ ದಾವಲಬಿ ಬಿ.ಕಾಂ.ನಲ್ಲಿ ನೂರಕ್ಕೆ ನಲವತ್ತಮೂರು ತಂದಳೆಂದು ಗೊತ್ತಾದ ದಿನ ನಾನು ಹತ್ತಿ ಹಿಂಜುವ ಮಷಿನ್ನಿಗೆ ಒದ್ದೆ. ಮಷಿನ್ನು ಕಬ್ಬಿಣದ್ದು. ಹೆಬ್ಬೆರಳಿನ ಉಗುರು ಹೋಯಿತು. ಉಗುರು ಹೋದದ್ದು ನನಗೆ ಗೊತ್ತಾದದ್ದು ಸಂಜೆಗೆ, ಬಿಳಿ ಹತ್ತಿಯ ಮೇಲೆ ಕೆಂಪು ಹೆಜ್ಜೆ ಕಂಡ ಮೇಲೆ. ಅಲ್ಲಿಯವರೆಗೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ, ನಲವತ್ತಮೂರು. ಮೂವತ್ತೈದಕ್ಕೆ ಪಾಸು ಮಾಡುವ ಲೋಕದಲ್ಲಿ ಮಗಳು ಎಂಟು ಹೆಚ್ಚಿಗೆ ತಂದಿದ್ದಾಳೆಂದು ಅವ್ವ ಓಣಿಗೆಲ್ಲ ಸಕ್ಕರೆ ಹಂಚಲು ಹೊರಟಿದ್ದಳು. ನಾನು ಸಕ್ಕರೆ ಡಬ್ಬಿ ಕಸಿದುಕೊಂಡೆ.

“ನಲವತ್ತಮೂರಾ?” ಎಂದೆ.

“ಮ್ಯಾಲೆ ಪಾಯಿಂಟ್ ಆರು ಐತಿ,” ಎಂದಳು ಅಕ್ಕ.

“ಆ ಪಾಯಿಂಟ್ ಆರು ತಗೊಂಡು ಏನ್ ಉಪ್ಪಿನಕಾಯಿ ಹಾಕ್ತೀ?”

“ಹಾಕ್ತೀನಿ. ನಿನಗೂ ಬಡಸ್ತೀನಿ, ಮೊದಲ ಕೈ ತೊಳಕೊ.”

ನನ್ನ ಸಿಟ್ಟು ಸುಮ್ಮನೆ ಬಂದದ್ದಲ್ಲ. ಅಪ್ಪನ ಎದೆಯಲ್ಲಿ ಮೂವತ್ತು ವರ್ಷದ ಹತ್ತಿಯ ಧೂಳು ಕೂತಿತ್ತು, ಕೆಮ್ಮುತ್ತಲೇ ಹೋದ. ಅವನು ಹೋದಾಗ ಮನೆಯಲ್ಲಿ ಉಳಿದದ್ದು ಅವ್ವ, ಇಬ್ಬರು ಮಕ್ಕಳು, ಒಂದು ಮಷಿನ್ನು. ಮಷಿನ್ನಿಗೆ ಒಬ್ಬರು ಬೇಕು, ಪುಸ್ತಕಕ್ಕೆ ಒಬ್ಬರು. ಒಂಬತ್ತನೆಯ ಇಯತ್ತೆಯ ನಡುವರ್ಷದಲ್ಲಿ ನಾನು ಚೀಲ ಗೂಟಕ್ಕೆ ಹಾಕಿ ಮಷಿನ್ನಿಗೆ ನಿಂತೆ. ನಿಲ್ಲು ಎಂದು ನನಗೆ ಯಾರೂ ಹೇಳಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನನ್ನ ಪಾಲಿನದನ್ನೂ ಅವಳೇ ಓದುತ್ತಾಳೆ ಎಂದುಕೊಂಡಿದ್ದೆ. ಇಬ್ಬರ ಓದು ಸೇರಿ ನಲವತ್ತಮೂರು ಎಂದರೆ ತಲೆಗೆ ಎಷ್ಟು ಬಂತು, ನೀವೇ ಭಾಗಿಸಿ ನೋಡಿ.

ನಾವು ಗಾದಿ ಮಾಡುವವರು. ಹಳೆಯ ಗಾದಿಯ ಹತ್ತಿ ಗಂಟುಗಟ್ಟಿದರೆ ಬಿಚ್ಚಿ, ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುತ್ತೇವೆ. ನನ್ನ ಕೈಯಲ್ಲಿ ಹಿಂಜಿದ ಹತ್ತಿ ಊದಿದರೆ ಹಾರುತ್ತದೆ. ಆದರೆ ನನ್ನ ಬಾಯಿ ಬೇರೆ. ಗಿರಾಕಿ ಬಂದು ‘ಇದೇನಪಾ, ಕಾಳು ಹಂಗಽ ಉಳದಾವು’ ಅಂದರೆ ‘ಕಾಳು ಹತ್ತ್ಯಾಗಿಲ್ಲ, ನಿಮ್ಮ ತಲ್ಯಾಗ ಅದಾವು’ ಎಂದುಬಿಡುತ್ತೇನೆ. ಒಬ್ಬ ವಕೀಲರು ಗಾದಿಯನ್ನು ಬೆರಳಿಂದ ಒತ್ತಿ ನೋಡಿ ಮೂಗು ಮುರಿದರು. ಅದೇ ಗಾದಿಯನ್ನು ಅವರ ತಲೆಯ ಮೇಲೆ ಹೊರಿಸಿ ಕಳಿಸಿದೆ. ಹದಿನೈದು ದಿನಕ್ಕೆ ಅವರ ಮನೆಯಿಂದ ಇನ್ನೂ ಮೂರು ಗಾದಿ ಬಂದವು. ಹಾಗೆ ನಾನು ಬೈದು ಕಳಿಸಿದವರೆಲ್ಲ ತಿರುಗಿ ಬರುತ್ತಿದ್ದರು. ಕೆಲಸ ಬಲ್ಲವನ ಬೈಗುಳಕ್ಕೂ ಬೆಲೆಯಿದೆ ಎಂದು ನಾನು ಎದೆ ಸೆಟೆಸಿಕೊಂಡು ತಿರುಗುತ್ತಿದ್ದೆ.

ಬೈಗುಳಕ್ಕೆ ನಮ್ಮೂರಲ್ಲಿ ಹೇಗೂ ಕೊರತೆಯಿಲ್ಲ. ಯಾಕೆಂದರೆ ಮನಸಾರೆ ಹೊಗಳಿದರೆ ನಮ್ಮೂರಲ್ಲಿ ದನಿ ಹೊರಡುವುದಿಲ್ಲ. ಬಾಯಿ ಆಡುತ್ತದೆ, ನಾಲಗೆ ಹೊರಳುತ್ತದೆ, ಸದ್ದು ಮಾತ್ರ ಇಲ್ಲ. ಬಾಯಿಮಾತಿನ ಹೊಗಳಿಕೆ ಗಂಟೆ ಹೊಡೆದ ಹಾಗೆ ಕೇಳಿಸುತ್ತದೆ. ಅದಕ್ಕೇ ನಮ್ಮಲ್ಲಿ ಬೀಗರು ಉಂಡೆದ್ದು ‘ಆಹಾ, ಏನ್ ಹೋಳಿಗಿ!’ ಎಂದು ಕೂಗಿದರೆ ಹೆಣ್ಣಿನ ತಾಯಿ ಒಳಗೆ ಹೋಗಿ ಅಳುತ್ತಾಳೆ. ಪಂಕ್ತಿಗೆ ಪಂಕ್ತಿಯೇ ಮೀನಿನ ಹಾಗೆ ಬಾಯಿ ಬಿಟ್ಟು ಮುಚ್ಚಿದರೆ ಮತ್ತೊಂದು ಸುತ್ತು ತುಪ್ಪ ಬರುತ್ತದೆ. ಹಾಡುಗಾರರು ಹಾಡಿ ಮುಗಿಸಿ ಕಿವಿ ನಿಗುರಿಸಿ ಕೂಡುತ್ತಾರೆ. ಸಭೆ ನಿಶ್ಶಬ್ದವಾಗಿದ್ದರೆ ಎದ್ದು ಕೈ ಮುಗಿಯುತ್ತಾರೆ. ನಮ್ಮೂರಲ್ಲಿ ಅತಿ ಗದ್ದಲದ ದಿನವೆಂದರೆ ದೊಡ್ಡವರ ಸನ್ಮಾನದ ದಿನ, ಅವತ್ತು ನಾಯಿಗಳು ಊರ ಹೊರಗೆ ಹೋಗಿ ಮಲಗುತ್ತವೆ. ಸಂತೆಯಲ್ಲಿ ಬದನೆಕಾಯಿ ಮಾರುವವಳು ‘ತಗೊಂಡ್ ಸಾಯ್ರಿ ಈ ದರಿದ್ರ ಬದನಿಕಾಯಿ’ ಎನ್ನುತ್ತಾಳೆ, ಹಾಗಂದರೆ ಬದನೆಕಾಯಿ ಚಲೋ ಇವೆ. ತಾಯಂದಿರು ಕೂಸಿನ ಮುಖದ ಮೇಲೆ ಬಗ್ಗಿ ತಾಸುಗಟ್ಟಲೆ ಬಾಯಿ ಆಡಿಸುತ್ತಾರೆ, ಕೂಸಿಗೆ ಕೇಳಿಸುವುದು ನಡುನಡುವಿನ ‘ಕತ್ತೆ’, ‘ಕೋಣ’ ಅಷ್ಟೇ. ಹಾಗಾಗಿ ನಮ್ಮೂರ ಮಕ್ಕಳು ಮೊದಲು ಕಲಿಯುವ ಮಾತು ಕತ್ತೆ.

ನಲವತ್ತಮೂರು ತಂದ ನಮ್ಮಕ್ಕ ಒಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದು, ಒಂದು ದಿನ ಊಟಕ್ಕೆ ಕೂತಾಗ, ತಾಟಿನಲ್ಲಿ ರೊಟ್ಟಿ ಮುರಿಯುತ್ತ, “ನಾ ಗುಡ್ಡದ ಸಾಲಿಗೆ ಅರ್ಜಿ ಹಾಕೀನಿ,” ಎಂದಳು.

ಗುಡ್ಡದ ಸಾಲಿ ಎಂದರೆ ಊರ ಮೂಡಣ ಗುಡ್ಡದ ಮೇಲಿನ ಬಿಸಿನೆಸ್ ಸ್ಕೂಲು. ಅಲ್ಲಿಗೆ ಹೋಗುವವರ ಮಾರ್ಕ್ಸ್ ಕಾರ್ಡನ್ನು ಮನೆಯವರು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿರುತ್ತಾರೆ. ನಮ್ಮಕ್ಕನದನ್ನು ಅವ್ವ ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟಿದ್ದಳು.

“ಯಾವ ಮಾರಿ ಇಟ್ಕೊಂಡು ಹಾಕಿದಿ?”

“ಇದಽ ಮಾರಿ. ಇನ್ನೊಂದ್ ಎಲ್ಲಿಂದ ತರ್ಲಿ?”

“ಗಾದಿ ಹೊಲಿಯೂ ಮಂದಿಗೆ ಬಿಸಿನೆಸ್ ಯಾಕ? ನಾವು ಮಾಡಾಕತ್ತಿದ್ದು ಏನು, ಭಜನಿ ಏನು?”

ಅಕ್ಕ ರೊಟ್ಟಿ ಪಲ್ಯದಲ್ಲಿ ಅದ್ದಿ, ನಿಧಾನ ತಿಂದು, ಆಮೇಲೆ ಹೇಳಿದಳು: “ಗಾದಿ ಹೆಂಗ ಮಾರೂದು ಅನ್ನೂದು ನನಗ ಗೊತ್ತೈತಿ, ರಾಜೇಸಾಬ. ಯಾಕ ಮಾರತದ ಅನ್ನೂದು ಗೊತ್ತಿಲ್ಲ. ಅದನ್ನ ಕಲೀಬೇಕು ನಾ.”

ಅವಳು ಗಾದಿ ಯಾವಾಗ ಮಾರಿದ್ದಳು? ನನಗೆ ನಗು ಬಂತು, ಸಿಟ್ಟಿನ ನಗು. ಅರ್ಜಿಯ ಹಾಳೆ ತೆಗೆದುಕೊಂಡು ನೋಡಿದೆ. ಒಂಬತ್ತರವರೆಗೆ ಓದಿದವನಿಗೆ ಓದಲು ಬರುವಷ್ಟು ಸ್ಪಷ್ಟವಾಗಿ ಒಂದು ಪ್ರಶ್ನೆ ಇತ್ತು: ‘ಪದವಿಯಲ್ಲಿ ಅಂಕಗಳು ಕಡಿಮೆಯಾಗಲು ಕಾರಣವೇನು? ನಾಲ್ಕು ಸಾಲುಗಳಲ್ಲಿ ಬರೆಯಿರಿ.’ ಅವಳು ಎರಡು ಪದ ಬರೆದಿದ್ದಳು. ‘ಕೆಲಸ ಇತ್ತು.’

“ಏನ್ ಕೆಲಸ?” ಎಂದು ನಾನು ಕೂಗಿದ್ದಕ್ಕೆ ಗೂಡಿನಲ್ಲಿದ್ದ ಕೋಳಿ ಹೊರಗೆ ಓಡಿದವು. “ಕೆಲಸ ಮಾಡಾಂವ ನಾನು! ನೀ ಮುಂಜಾನೆ ಒಂಬತ್ತಕ್ಕ ಚೀಲಾ ಬಗಲಿಗೆ ಹಾಕ್ಕೊಂಡು ಸಾಲಿಗೆ ಹೋಗಾಕಿ. ನಿನಗೇನ್ ಕೆಲಸಿತ್ತು?”

“ಉಣ್ಣೂ ಮುಂದ ಒದರಬ್ಯಾಡ,” ಎಂದಳು ಅವ್ವ. ಅಕ್ಕ ಹಾಳೆಯನ್ನು ನನ್ನ ಕೈಯಲ್ಲಿ ಮಗುಚಿ ಹಿಂಬದಿ ತೋರಿಸಿದಳು.

ಹಿಂಬದಿಯಲ್ಲಿ ನಿಯಮ ಇದ್ದವು. ಅರವತ್ತರ ಮೇಲಿದ್ದವರು ನೇರ ಒಳಗೆ. ಐವತ್ತರ ಕೆಳಗಿದ್ದವರು ಒಬ್ಬ ಸಾಕ್ಷಿ ತರಬೇಕು, ಒಂದೇ ಒಲೆಯ ಅನ್ನ ಹತ್ತು ವರ್ಷ ಉಂಡವರನ್ನು. ಸಾಕ್ಷಿ ಕಮಿಟಿಯ ಮುಂದೆ ನಿಂತು ಅಭ್ಯರ್ಥಿಯ ಬಗ್ಗೆ ಮಾತಾಡಬೇಕು. ಹೊಗಳಿದ್ದು ಕೇಳಿಸಿತೋ, ಅರ್ಜಿ ವಜಾ. ಒಮ್ಮೆ ವಜಾ ಆದವರು ಮತ್ತೆ ಗುಡ್ಡ ಹತ್ತುವಂತಿಲ್ಲ. ಕೆಳಗೆ, ಸಾಕ್ಷಿಯ ಹೆಸರು ಎಂದಿರುವ ಕಡೆ, ನಮ್ಮಕ್ಕನ ದುಂಡನೆಯ ಅಕ್ಷರದಲ್ಲಿ ನನ್ನ ಹೆಸರಿತ್ತು.

“ನಂದ್ಯಾಕ ಬರದಿ? ಅವ್ವ ಇದ್ದಾಳಲ್ಲ!”

“ತಾಯಂದಿರ ಸಾಕ್ಷಿ ಅವರು ತಗೊಳ್ಳೂದಿಲ್ಲ. ತಾಯಿ ಬಾಯಿ ಹೆಂಗೂ ಕೇಳಸೂದಿಲ್ಲ, ಮಗ ಕಳ್ಳ ಆದ್ರೂ ಕೇಳಸೂದಿಲ್ಲ ಅಂತಾರ.”

“ಖರೇನಽ ಅಂತಾರ,” ಎಂದಳು ಅವ್ವ.

“ಹಂಗಾರ ನಾ ನಿನ್ನ ಹೊಗಳಬೇಕಾ? ನಾನಾ? ನಲವತ್ತಮೂರು ತಂದಾಕೀನ?”

“ಹೊಗಳು ಅಂತ ನಾ ಎಲ್ಲೆ ಅಂದೆ? ಬಂದು ನಿಂದ್ರು ಸಾಕು. ನಿನಗ ಏನ್ ಅನಸ್ತದೋ ಅದನ್ನ ಹೇಳು.”

ನನಗೆ ಏನು ಅನಿಸುತ್ತದೆ ಎಂದು ಹೇಳಿದರೆ ಸಾಲಿ ಇರಲಿ, ಗುಡ್ಡವೇ ಕೆಳಗಿಳಿಯುತ್ತಿತ್ತು. ಆದರೂ ರಾತ್ರಿಯೆಲ್ಲ ಯೋಚನೆ ಮಾಡಿದೆ. ಈ ಸೀಟು ಹೋದರೆ ಏನಾಗುತ್ತದೆ? ಅಕ್ಕನ ಹಣೆಯ ಮೇಲೆ ನಲವತ್ತಮೂರು ಹಾಗೇ ಕೂತುಬಿಡುತ್ತದೆ. ನಾನು ಗೂಟಕ್ಕೆ ಹಾಕಿದ ಚೀಲ ಸುಮ್ಮನೆ ಹಾಕಿದಂತಾಗುತ್ತದೆ. ಅದನ್ನು ಮಾತ್ರ ಸಹಿಸುವುದು ನನ್ನಿಂದ ಆಗದು ಎನಿಸಿತು. ಆಯಿತು, ಹೊಗಳುತ್ತೇನೆ. ಸದ್ದಿಲ್ಲದೆ ಹೊಗಳುವುದನ್ನು ಕಲಿಯುತ್ತೇನೆ. ದಾರ ಹಾಕಿ ದಬ್ಬಣ ಚುಚ್ಚುವುದನ್ನು ಎಂಟು ದಿನದಲ್ಲಿ ಕಲಿತವನಿಗೆ ಇದೇನು ದೊಡ್ಡದು?

ಒಂದು ಮಾತು ಕಟ್ಟಿಕೊಂಡೆ. ‘ನಮ್ಮಕ್ಕ ಭಾಳ ಶಾಣೇಕಿ. ಓದಿನ್ಯಾಗ ಶಾಣೇಕಿ, ವ್ಯವಹಾರದಾಗ ಶಾಣೇಕಿ. ಆಕಿಯಂಥಾಕಿ ಈ ಊರಾಗ ಇನ್ನೊಬ್ಬಾಕಿ ಇಲ್ಲ.’ ದಿನವೂ ಕೆಲಸ ಮಾಡುತ್ತ ಅದನ್ನೇ ಹೇಳಿದೆ. ಮೊದಲ ದಿನವೇ ದನಿ ಕೇಳಿಸಲಿಲ್ಲ. ನನಗೇ ಆಶ್ಚರ್ಯ. ಎರಡನೆಯ ದಿನವೂ ಇಲ್ಲ. ಗಟ್ಟಿಯಾಗಿ ಹೇಳಿದೆ, ಗಂಟಲು ಹರಿಯುವ ಹಾಗೆ ಹೇಳಿದೆ, ಒಂದಕ್ಷರ ಕೇಳಿಸಲಿಲ್ಲ. ಎಂಟು ದಿನ ಹೀಗೇ ನಡೆಯಿತು. ನಾನು ಮನಸ್ಸಿನಲ್ಲೇ ಮೀಸೆ ತಿರುವಿದೆ. ಎಷ್ಟು ಸಿಟ್ಟಿದ್ದರೂ ನನ್ನೆದೆ ಚೊಕ್ಕ ಇದೆ ನೋಡು ಎಂದುಕೊಂಡೆ.

ಎಂಟು ದಿನವೂ ನಾನು ಹೇಳಿದ್ದು ಓಡುತ್ತಿದ್ದ ಹಿಂಜುವ ಮಷಿನ್ನಿನ ಬಾಯಲ್ಲಿ ನಿಂತು. ಆ ಮಷಿನ್ನು ಓಡುವಾಗ ಪಕ್ಕದಲ್ಲಿ ಆನೆ ಘೀಳಿಟ್ಟರೂ ಕೇಳಿಸುವುದಿಲ್ಲ. ಅದು ನನ್ನ ಲೆಕ್ಕಕ್ಕೇ ಬರಲಿಲ್ಲ.

ಸಾಕ್ಷಿ ಹೇಳುವ ದಿನ ಗುಡ್ಡ ಹತ್ತಿದೆವು. ಅಕ್ಕ ಇಸ್ತ್ರಿ ಮಾಡಿದ ನೀಲಿ ಚೂಡಿ ಹಾಕಿದ್ದಳು. ನಾನು ಅಪ್ಪನ ಅಂಗಿ ಹಾಕಿದ್ದೆ. ಕೊಡವಿ ಕೊಡವಿ ಹಾಕಿದರೂ ಹೆಗಲ ಮೇಲೆ ಹತ್ತಿಯ ಎಳೆ ಉಳಿದಿದ್ದವು. ಅಕ್ಕ ಒಂದೊಂದೇ ಆರಿಸಿ ತೆಗೆಯುತ್ತ ಮೆಟ್ಟಿಲು ಹತ್ತಿದಳು. ಸಾಕ್ಷಿಯ ಹಾಲ್ ಎಂದರೆ ಅಂಥ ಹಾಲನ್ನು ನಾನು ಕಂಡಿರಲಿಲ್ಲ. ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನೆ, ಫ್ಯಾನು ಬಂದ್, ಗೋಡೆಯ ಗಡಿಯಾರವನ್ನು ಸಹ ತೆಗೆದು ಹೊರಗೆ ಇಟ್ಟಿದ್ದರು. ಇರುವೆ ಸೀನಿದರೂ ಕೇಳಬೇಕು, ಹಾಗಿತ್ತು. ಮೇಜಿನ ಹಿಂದೆ ಇಬ್ಬರೇ. ನಡುವೆ ಸುಗಂಧಾ ಮೇಡಂ, ಆ ಶಾಲೆಯ ಮುಖ್ಯಸ್ಥರು, ಬೆಳ್ಳಗಿನ ಕೂದಲು ಬಿಗಿದು ಕಟ್ಟಿದವರು. ಪಕ್ಕದಲ್ಲಿ ಗುಮಾಸ್ತ ಗುರುಶಾಂತಪ್ಪ. ಕಿವಿಗೆ ಕೇಳಿಸಿದ್ದನ್ನು ಕೇಳಿಸಿದ ಹಾಗೆ ಬರೆದುಕೊಳ್ಳುವುದು ಅವರ ಕೆಲಸ.

ನಮಗಿಂತ ಮುಂಚೆ ಒಬ್ಬ ಸೋದರಮಾವ ತನ್ನ ಅಳಿಯನ ಸಾಕ್ಷಿಗೆ ಒಳಗೆ ಹೋಗಿದ್ದ. ಬಾಗಿಲು ಮುಚ್ಚಿದ್ದರೂ ‘ನಮ್ಮ ಹುಡುಗ ಅಂದ್ರ ಬಂಗಾರರೀ!’ ಎಂದು ಅವನ ದನಿ ಹೊರಗಿನ ಬೆಂಚಿನವರೆಗೂ ಬಂತು. ಎರಡು ನಿಮಿಷಕ್ಕೆ ಮಾವ ಅಳಿಯ ಹೊರಗೆ ಬಂದರು. “ಬಂಗಾರ ಅಂತ ಯಾಕ ಅಂದಿ, ಬೆಳ್ಳಿ ಅಂದಿದ್ರೆ ಸಾಕಾಗಿತ್ತಲ್ಲೋ ಮಾವಾ,” ಎಂದು ಅಳಿಯ ಅಳುತ್ತಿದ್ದ. ನನಗೆ ನಗು ಬಂತು. ಎಂಟು ದಿನ ತಯಾರಿ ಮಾಡಿದವನ ನಗು.

ಒಳಗೆ ಹೋಗಿ ನಿಂತೆ. ಅಕ್ಕ ಪಕ್ಕದ ಕುರ್ಚಿಯಲ್ಲಿ ಕೈ ಮಡಿಲಲ್ಲಿಟ್ಟು ಕೂತಳು.

“ಹೆಸರು?” ಎಂದರು ಮೇಡಂ.

“ರಾಜೇಸಾಬ.”

“ಏನ್ ಓದೀರಿ?”

“ಓದಿಲ್ಲ. ಓದಾಕ ಈಕಿನ್ನ ಹಚ್ಚಿದ್ವಿ.”

ಮೇಡಂ ತುಟಿಯಂಚಿನಲ್ಲಿ ನಕ್ಕ ಹಾಗೆ ಕಂಡಿತು. “ಹೇಳ್ರಿ ನಿಮ್ಮ ಅಕ್ಕನ ಬಗ್ಗೆ.”

ನಾನು ಎದೆ ತುಂಬ ಉಸಿರು ತೆಗೆದುಕೊಂಡು, ಕಣ್ಣು ಮುಚ್ಚಿ, ಬಾಯಿ ತೆರೆದೆ.

“ನಮ್ಮಕ್ಕ ಭಾಳ ಶಾಣೇಕಿ!”

ಆ ದನಿ ಯಾರದೆಂದು ನಾನು ಹಿಂದಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ದನಿ ನಾಲ್ಕು ಗೋಡೆಗೆ ಬಡಿದು ನನ್ನ ಕಿವಿಗೇ ಬಂದು ಬಿತ್ತು. ಬಾವಿಗೆ ಬಿದ್ದ ಕೊಡದ ಸದ್ದು ಕೇಳಿದವರ ಹಾಗೆ ಅಕ್ಕ ಕಣ್ಣು ಮುಚ್ಚಿಕೊಂಡಳು. ಗುರುಶಾಂತಪ್ಪನ ಪೆನ್ನು ಕಾಗದದ ಮೇಲೆ ಕರ್ ಕರ್ ಎಂದು ಓಡಿತು.

“ಶಾಣೇಕಿ ಅನ್ನೂದಕ್ಕ ದೊಡ್ಡ ಣ ಅಲ್ಲರೀ?” ಎಂದು ಅವರು ಕೇಳಿದರು.

ಎಂಟು ದಿನ! ಎಂಟು ದಿನ ಒಂದಕ್ಷರ ಕೇಳಿಸಿರಲಿಲ್ಲವಲ್ಲ ಎಂದು ಹುಚ್ಚನ ಹಾಗೆ ನಿಂತಿದ್ದಾಗ, ಆ ಹಾಲಿನ ನಿಶ್ಶಬ್ದದಲ್ಲಿ, ಮಷಿನ್ನು ಓಡುವ ಸದ್ದು ತಲೆಯೊಳಗೆ ಕೇಳಿಸಿತು. ಆಗ ತಿಳಿಯಿತು ನಾನೆಂಥ ಕತ್ತೆಯೆಂದು. ಮೊದಲ ದಿನದಿಂದಲೂ ಅದು ಸುಳ್ಳೇ ಇತ್ತು. ಎಂಟು ದಿನ ನಾನು ಗಂಟಲು ಹರಿದುಕೊಂಡು ಸುಳ್ಳು ಒದರಿದ್ದೆ.

ಮೇಡಂ ಫೈಲು ಮುಚ್ಚಲು ಹೋದರು. ಮುಚ್ಚಲಿಲ್ಲ. ಒಂದು ಹಾಳೆಯ ಮೇಲೆ ಬೆರಳಿಟ್ಟು, “ನಿಯಮ ನಿನಗ ಗೊತ್ತೈತಿ, ದಾವಲಬಿ. ಅರ್ಜಿ ವಜಾ ಮಾಡಬೇಕಾಗ್ತದ,” ಎಂದರು. “ಆದ್ರ ಒಂದು ಮಾತು, ಕೇಳಬೇಕು ಅನಸ್ತದ, ಕೇಳ್ತೀನಿ. ಮಾರ್ಕ್ಸ್ ಕಮ್ಮಿ ಇದ್ದವರು ನನ್ನ ಕಡೆ ದಿನಾ ಬರ್ತಾರ. ಆದ್ರ ಮೂರು ವರ್ಷದಾಗ ನೂರಾ ಹನ್ನೊಂದು ದಿನ ಕಾಲೇಜಿಗೆ ಕಾಲಽ ಇಡದಾಕಿ, ಅಷ್ಟಾಗಿಯೂ ಪಾಸಾದಾಕಿ ನೀ ಒಬ್ಬಾಕಿನ. ಎಲ್ಲೆ ಇದ್ದಿ ಆ ನೂರಾ ಹನ್ನೊಂದು ದಿನ?”

ನೂರಾ ಹನ್ನೊಂದು ದಿನ? ದಿನಾ ಒಂಬತ್ತಕ್ಕೆ ಚೀಲ ಬಗಲಿಗೆ ಹಾಕಿಕೊಂಡು ಹೋಗುತ್ತಿದ್ದಳು. ನಾನೇ ನೋಡುತ್ತಿದ್ದೆ. ಅವಳ ಚೀಲ ಓಣಿಯ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ ಆಮೇಲೆ ಮಷಿನ್ನು ಚಾಲೂ ಮಾಡುತ್ತಿದ್ದೆ. ನಾನು ಬಿಟ್ಟುಕೊಟ್ಟ ಬೆಂಚು ಅದು! ಅದರ ಮೇಲೆ ಇವಳು ಕೂತೇ ಇರಲಿಲ್ಲವೆ?

“ಎಲ್ಲೆ ಹೋಗ್ತಿದ್ದಿ?” ಮೇಡಂ ಇದ್ದಾರೆ, ಕಮಿಟಿ ಇದೆ ಎಂಬುದೆಲ್ಲ ಮರೆತು ನಾನು ಅವಳ ಕುರ್ಚಿಯ ಕೈ ಹಿಡಿದು ಅಲುಗಿಸಿದೆ. “ಬೊಗಳು. ಎಲ್ಲೆ ಹೋಗಿ ಸಾಯ್ತಿದ್ದಿ?”

ಅಕ್ಕ ಕಣ್ಣು ತೆರೆದು ನನ್ನನ್ನು ನೋಡಿದಳು.

“ನೀ ಬೈದವರ ಮನೀಗೆ.”

ನಾನು ಕುರ್ಚಿ ಬಿಟ್ಟೆ.

“ಯಾರ ಮನೀಗೆ?”

“ನೀ ಬೈದವರ ಮನೀಗೆ, ಮುಂಜಾನೆ ಹೊತ್ತಿನ್ಯಾಗ. ಆವಾಗಽ ಅವರು ಸಿಗೂದು.” ಇಷ್ಟು ಹೇಳಿ ಮೇಡಂ ಕಡೆ ತಿರುಗಿದಳು. “ಕೆಲಸ ಇತ್ತು ಅಂತ ಬರದೀನಲ್ಲರೀ.”

ವಕೀಲರ ಮೂರು ಗಾದಿ ನನ್ನ ಕಣ್ಣ ಮುಂದೆ ಬಂದವು. ನಾನು ಅಂಗಡಿಯ ಕಟ್ಟೆಯಿಂದ ಇಳಿಸಿ ಓಡಿಸಿದ ಮೇಲೂ ಹದಿನೈದು ದಿನಕ್ಕೋ ತಿಂಗಳಿಗೋ ತಿರುಗಿ ಬಂದ ಒಬ್ಬೊಬ್ಬರ ಮುಖವೂ ಬಂತು. ನನ್ನ ಕೈಗುಣಕ್ಕೆ ಬಂದವರೆಂದು ತಿಳಿದಿದ್ದೆನಲ್ಲ! ಆಮೇಲೆ ಏನು ಸಿಟ್ಟು ಬಂತೆಂದರೆ, ಉಗುರು ಕಳೆದುಕೊಂಡ ದಿನದ್ದು ಅದರ ಮುಂದೆ ಏನೂ ಅಲ್ಲ.

“ಬರ್ಕೋರಿ!” ಎಂದು ಗುರುಶಾಂತಪ್ಪನ ಮೇಜು ಗುದ್ದಿದೆ. “ನಾ ಮೊದಲ ಹೇಳಿದ್ದು ಸುಳ್ಳು. ಆಕಿ ಶಾಣೇಕಿ ಅಲ್ಲ. ಶಾಣೇಕಿ ಆಗಿದ್ರ ಕ್ಲಾಸಿನ್ಯಾಗ ಕುಂಡ್ರತಿದ್ಲು. ಹುಚ್ಚಿ ಈಕಿ, ಹುಚ್ಚಿ! ನಾ ಯಾಕ ಸಾಲಿ ಬಿಟ್ಟೆ? ಈಕಿ ಓದ್ಲಿ ಅಂತ ಬಿಟ್ಟೆ. ಈಕಿ ಏನ್ ಮಾಡಿದ್ಲು? ನಾ ಬಾಯಿಗೆ ಬಂದಂಗ ಬೈದು ಒದ್ದು ಕಳಿಸಿದ ಗಿರಾಕೀನ ಹಿಂದಿನಿಂದ ಹೋಗಿ ಎತ್ಕೊಂಡು ಬಂದ್ಲು. ಬಿಸಲಾಗ ತಿರುಗಿದ್ಲು. ತನ್ನ ಮಾರ್ಕ್ಸ್ ಹಾಳಾದ್ರೂ ಒಂದ್ ಮಾತು ಮನ್ಯಾಗ ಅನ್ನಲಿಲ್ಲ. ನಾ ನಲವತ್ತಮೂರು ನಲವತ್ತಮೂರು ಅಂತ ಹಂಗಸಿದ್ರೂ ಅನ್ನಲಿಲ್ಲ. ಇಂಥಾ…”

ಅಲ್ಲಿಗೆ ದನಿ ನಿಂತಿತು.

ನಾನು ನಿಲ್ಲಲಿಲ್ಲ. ನಾನು ಬೈಯುತ್ತಲೇ ಇದ್ದೆ, ಅಪ್ಪನಾಣೆ, ಬೈಯುತ್ತಲೇ ಇದ್ದೆ. ಗಂಟಲ ನರ ಉಬ್ಬಿದ್ದು ಗೊತ್ತಾಗುತ್ತಿತ್ತು, ಉಗುಳು ಸಿಡಿಯುತ್ತಿತ್ತು, ಕೈ ಹಾರುತ್ತಿತ್ತು. ಆದರೆ ಹಾಲಿನಲ್ಲಿ ಸದ್ದಿಲ್ಲ. ಗುರುಶಾಂತಪ್ಪನ ಪೆನ್ನು ಎತ್ತಿದ್ದು ಎತ್ತಿದ ಹಾಗೇ ನಿಂತಿತ್ತು. ಮೂಗ ಆದೆನೇನೋ ಎಂದು ಹೆದರಿ ಇನ್ನಷ್ಟು ಕಿರುಚಿದೆ, ಇನ್ನಷ್ಟು ನಿಶ್ಶಬ್ದ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು. ಬಾಯಿಂದ ಏನು ಬರುತ್ತಿದೆ ಎಂಬುದು ನನಗೇ ಕೇಳಿಸುತ್ತಿರಲಿಲ್ಲ. ಕೇಳಿಸದೆ ಆಡಿದ ಮಾತು ನೆನಪಿನಲ್ಲಿಯೂ ಉಳಿಯುವುದಿಲ್ಲ ಎಂದು ಅವತ್ತು ಗೊತ್ತಾಯಿತು. ಅಕ್ಕ ಮಾತ್ರ ರೆಪ್ಪೆ ಬಡಿಯದೆ ನನ್ನ ತುಟಿಯನ್ನೇ ನೋಡುತ್ತಿದ್ದಳು.

“ಏನಾತು ನನಗ?” ಎಂದೆ. ಅದು ಕೇಳಿಸಿತು. ಜಮಖಾನೆಯ ಮೇಲೆ ಕೂತುಬಿಟ್ಟೆ.

ಮೇಡಂ, “ಓದ್ರಿ ಗುರುಶಾಂತಪ್ಪ,” ಎಂದರು.

ಗುರುಶಾಂತಪ್ಪ ಕನ್ನಡಕ ಏರಿಸಿಕೊಂಡರು. “ಒಂದು, ನಮ್ಮಕ್ಕ ಭಾಳ ಶಾಣೇಕಿ. ಎರಡು, ಆಕಿ ಶಾಣೇಕಿ ಅಲ್ಲ. ಆಮ್ಯಾಲೆ ಹುಚ್ಚಿ, ಹುಚ್ಚಿ. ಆಮ್ಯಾಲೆ ಸಾಲಿ ಬಿಟ್ಟದ್ದು, ಗಿರಾಕಿ, ಬಿಸಲು, ನಲವತ್ತಮೂರು. ಕಡೀಕ ‘ಇಂಥಾ’ ಅಂತ ಐತಿ.”

“ಆಮ್ಯಾಲೆ?”

“ಆಮ್ಯಾಲೆ ಏನೂ ಇಲ್ಲರೀ. ಬಾಯಿ ನಡದಿತ್ತು. ಭಾಳೊತ್ತು ನಡದಿತ್ತು.” ಅವರು ಬಿಳಿ ಹಾಳೆಯನ್ನು ಎತ್ತಿ ತೋರಿಸಿದರು. “ಕೇಳಿಸಿದ್ರ ಬರೀತಿದ್ನಿ.”

“ಕೇಳಿಸಿದ ಹೊಗಳಿಕೆ ಒಂದಽ, ಶಾಣೇಕಿ ಅನ್ನೂದು,” ಎಂದರು ಮೇಡಂ. “ಅದು ಸುಳ್ಳು ಅಂತ ಸಾಕ್ಷಿನಽ ಒಪ್ಪಿಕೊಂಡ. ಶಾಣೇಕಿ ಅಲ್ಲ ಅನ್ನೂದು ಮಾರ್ಕ್ಸ್ ಕಾರ್ಡಿನ್ಯಾಗ ಮೊದಲಽ ಐತಿ. ಅದಕ್ಕ ಇಷ್ಟು ದೂರ ಗುಡ್ಡ ಹತ್ತಿ ಬರಬೇಕಾಗಿರಲಿಲ್ಲ. ಕಡೀಕ ಅಂದದ್ದು ಯಾರಿಗೂ ಕೇಳಸಲಿಲ್ಲ, ನನಗ ಅಷ್ಟು ಸಾಕು.” ಪೆನ್ನು ತೆಗೆದು ಅರ್ಜಿಯ ಮೇಲೆ ಏನೋ ಬರೆದರು. “ದಾವಲಬಿ, ಸೋಮವಾರ ಬಾ. ಎಂಟು ಗಂಟೆಗೆ. ಆದ್ರ ತಿಳಕೊ, ಇಲ್ಲಿ ಒಂದು ದಿನ ತಪ್ಪಿದ್ರೂ ಹೆಸರು ಹೊಡದು ಹಾಕ್ತೀನಿ. ಮನಿ ಮನಿ ತಿರುಗೂದು ಇವತ್ತಿಗೆ ಬಂದ್.”

ಗುಡ್ಡ ಇಳಿಯತೊಡಗಿದೆವು. ಸೀಟು ಸಿಕ್ಕಿತ್ತು. ಆದರೆ ನನ್ನೆದೆಯಲ್ಲಿ ಸಂತೋಷ ಇಳಿಯಲು ಜಾಗ ಇರಲಿಲ್ಲ, ಅಲ್ಲಿ ಇನ್ನೂ ನೂರಾ ಹನ್ನೊಂದು ದಿನ ಕೂತಿದ್ದವು. ಅರ್ಧ ದಾರಿಗೆ ನಿಂತು ಕೇಳಿದೆ.

“ಒಳಗ ನಾ ಕಡೀಕ ಏನ್ ಅಂದೆ?”

“ನೀ ಅಂದದ್ದು ನಿನಗ ಗೊತ್ತಿರಬೇಕು.”

“ನನಗ ಕೇಳಸಲಿಲ್ಲ.”

“ನನಗೂ ಕೇಳಸಲಿಲ್ಲ,” ಎಂದಳು. ಮುಖ ಬೇರೆ ಕಡೆ ಇತ್ತು.

“ಮತ್ತ ಆ ಮಂದಿ ಮನೀಗೆ ಹೋಗಿ ನೀ ಏನ್ ಅಂತಿದ್ದಿ? ನನ್ನ ತಮ್ಮಗ ತಲಿ ಸರಿ ಇಲ್ಲ, ಹೊಟ್ಟ್ಯಾಗ ಹಾಕ್ಕೋರಿ ಅಂತಿದ್ದೇನು? ಕೈ ಮುಗೀತಿದ್ದೇನು? ನನ್ನ ಮಾನ ಹರಾಜ್ ಹಾಕಾಕ ಹೋಗ್ತಿದ್ದೇನು?”

“ಏನರ ಅಂತಿದ್ನಿ ಬಿಡು. ಲಗೂ ನಡಿ, ಅವ್ವ ಸಕ್ಕರಿ ಡಬ್ಬಿ ಹಿಡಕೊಂಡು ನಿಂತಿರ್ತಾಳ.”

ಅದಕ್ಕಿಂತ ಹೆಚ್ಚು ಅವಳ ಬಾಯಿಂದ ಬರಲಿಲ್ಲ. ಸೋಮವಾರದಿಂದ ಅವಳು ಎಂಟಕ್ಕೆ ಮುಂಚೆ ಗುಡ್ಡ ಹತ್ತತೊಡಗಿದಳು. ಸಂಜೆ ಬಂದು ಲಾಟೀನಿನ ಗಾಜು ಒರೆಸಿದ ಹಾಗೆ ಕಣ್ಣು ಒರೆಸಿಕೊಳ್ಳುತ್ತ ದಪ್ಪ ದಪ್ಪ ಪುಸ್ತಕ ಓದುತ್ತಿದ್ದಳು. ನಾನು ಬಾಯಿ ಬಿಗಿಹಿಡಿದು ಹತ್ತಿ ಹಿಂಜಿದೆ. ಮೂರು ವಾರ ಹಿಡಿದೆ. ಅದಕ್ಕಿಂತ ಹೆಚ್ಚು ಹಿಡಿಯುವುದು ನನ್ನಿಂದ ಆಗಲಿಲ್ಲ.

ನಾಲ್ಕನೆಯ ವಾರ ಕಮಲಾಕ್ಷಿಬಾಯಿ ಬಂದರು. ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸುವವರು, ನಮ್ಮ ಹಳೆಯ ಗಿರಾಕಿ. ವರ್ಷಕ್ಕೊಮ್ಮೆ ಹಾಸ್ಟೆಲಿನ ನಲವತ್ತು ಗಾದಿ ನಮ್ಮಲ್ಲಿಯೇ ಹಿಂಜಿಸುತ್ತಿದ್ದರು. ಆ ಸಲ ಮೊದಲ ಐದು ಗಾದಿ ಒಯ್ದು, ತಿರುಗಿ ಬಂದು, ‘ಒಂದು ಬದಿಗೆ ತೆಳ್ಳಗಾಗೈತಲ್ಲಪಾ’ ಎಂದರು. ‘ತೆಳ್ಳಗಿದ್ರ ಆ ಬದಿಗೆ ತೆಳ್ಳನ್ನ ಹುಡುಗೀನ ಮಲಗಸ್ರಿ, ನನ್ನ ತಲಿ ತಿನ್ನಬ್ಯಾಡ್ರಿ’ ಎಂದೆ. ಅವರು ಛತ್ರಿ ಬಿಚ್ಚಿಕೊಂಡು ಹೋದರು. ಉಳಿದ ಮೂವತ್ತೈದು ಗಾದಿ ಬರಲಿಲ್ಲ. ನಾಳೆ ಬಂದಾವು ಎಂದು ಕಾದೆ. ಎಂಟು ದಿನ ಹೋಯಿತು. ಮಷಿನ್ನು ಸುಮ್ಮನೆ ನಿಂತಿತು. ಮನೆ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಕಂಡಿರಲಿಲ್ಲ. ಅವ್ವ ರೊಟ್ಟಿ ಬಡಿಯುತ್ತ ಒಮ್ಮೆ ನನ್ನ ಕಡೆ, ಒಮ್ಮೆ ಮಷಿನ್ನಿನ ಕಡೆ ನೋಡುತ್ತಿದ್ದಳು. ಅಕ್ಕ ಮುಂಜಾನೆ ಚಪ್ಪಲಿ ಮೆಟ್ಟುವಾಗ ಎಲ್ಲ ನೋಡಿದಳು. ಗುಡ್ಡದ ದಾರಿ ಹಿಡಿದಳು. ಅವಳು ಒಂದು ದಿನವೂ ತಪ್ಪಿಸುವಂತಿರಲಿಲ್ಲ.

ಒಂಬತ್ತನೆಯ ದಿನ ನಾನೇ ಹೋದೆ. ಹಾಸ್ಟೆಲಿನ ಬಾಗಿಲಲ್ಲಿ ನಿಂತು ಮೂರು ಸಲ ಹಿಂದಕ್ಕೆ ಬಂದೆ. ನಾಲ್ಕನೆಯ ಸಲ ಬಡಿದೆ. ಕಮಲಾಕ್ಷಿಬಾಯಿಯೇ ಬಾಗಿಲು ತೆಗೆದರು. ನನ್ನನ್ನು ನೋಡಿ, ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿದರು.

“ದಾವಲಬಿ ಎಲ್ಲೆ?”

“ಸಾಲಿಗೆ ಹೋಗ್ಯಾಳ. ಆಕಿ ಇನ್ನ ಬರೂದಿಲ್ಲ.”

“ಮತ್ತ ನೀ ಯಾಕ ಬಂದಿ? ಬೈಯೂದು ಇನ್ನೂ ಉಳದೈತೇನು?”

ಕ್ಷಮೆ ಕೇಳಲು ನನಗೆ ಬರುವುದಿಲ್ಲ. ಕಲಿಯಬೇಕೆಂದರೆ ಯಾರಾದರೂ ತೋರಿಸಿಕೊಡಬೇಕು. ಸಿಟ್ಟಿನಲ್ಲೇ ಕೇಳಿದೆ. “ಆಕಿ ಇಲ್ಲಿ ಬಂದು ಏನ್ ಅಂತಿದ್ಲು, ಅದನ್ನ ಹೇಳ್ರಿ ಬಾಯಾರ. ನಾನೂ ಅದನ್ನಽ ಅಂತೀನಿ, ಒಂದಕ್ಷರ ಬಿಡೂದಿಲ್ಲ. ತಪ್ಪಾತು ಅಂತಿದ್ಲೇನು? ಕಾಲು ಹಿಡೀತಿದ್ಲೇನು? ಹೇಳ್ರಿ, ಹಿಡೀತೀನಿ.”

ಕಮಲಾಕ್ಷಿಬಾಯಿ ಬಾಗಿಲನ್ನು ಪೂರ್ತಿ ತೆರೆದರು.

“ಕಾಲು ಯಾಕ ಹಿಡೀತಾಳ? ಇಲ್ಲೇ, ನೀ ನಿಂತಲ್ಲೇ ಬಂದು ನಿಂದ್ರತಿದ್ಲು. ‘ನನ್ನ ತಮ್ಮ’ ಅಂತಿದ್ಲು. ಅಷ್ಟಽ. ಆಮ್ಯಾಲೆ ಬರೇ ಬಾಯಿ ಆಡತಿತ್ತು. ಒಂದಕ್ಷರ ಕೇಳಸ್ತಿರಲಿಲ್ಲ. ಅದಕ್ಕಽ ಗಾದಿ ಕೊಟ್ಟು ಕಳಸ್ತಿದ್ವಿ.”